ನಿಂಬೆರಸ ಹಚ್ಚಿದ ಮೇಲೆ ಹಿತ್ತಾಳೆ ತಟ್ಟೆ ಗುಲಾಬಿ ಬಣ್ಣಕ್ಕೆ ತಿರುಗಿದೆ, ಏನು ಮಾಡಲಿ?

ತಕ್ಕಡಿಪ್ರಿಯ:
ಎಲ್ಲರಿಗೂ ನಮಸ್ಕಾರ. ಹಳೆಯ ಹಿತ್ತಾಳೆ ತಕ್ಕಡಿಯೊಂದು ಕೈಗೆ ಬಂದಿದೆ. ಮರದ ಪೆಟ್ಟಿಗೆ, ಅದರ ಮೇಲೆ ಕಂಬ, ಅಡ್ಡದಂಡ, ಎರಡು ತೆಳು ತಟ್ಟೆ, ಜೊತೆಗೆ 7 ಪುಟ್ಟ ತೂಕದ ಬಟ್ಟು. ಎಲ್ಲಾ ಕಿಲುಬು ಹಿಡಿದು ಕಪ್ಪಗಾಗಿತ್ತು. ತಟ್ಟೆಗಳಿಗೆ ನಿಂಬೆರಸ, ಉಪ್ಪು ಹಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಕಪ್ಪೇನೋ ಹೋಗಿತ್ತು, ಆದರೆ ಅಲ್ಲಲ್ಲಿ ತಾಮ್ರದಂಥ ಗುಲಾಬಿ ಕಲೆ! ಕಂಬದ ಕಥೆಯೇ ಬೇರೆ. ಎಷ್ಟು ಉಜ್ಜಿದರೂ ಚುಕ್ಕೆ ಚುಕ್ಕೆ ಕಪ್ಪು ಹಾಗೇ ಇದೆ. ಮ್ಯಾಗ್ನೆಟ್ ಎಲ್ಲೂ ಅಂಟಲಿಲ್ಲ. ಇದು ಅಸಲಿ ಹಿತ್ತಾಳೆ ಅಲ್ವಾ? ಬಟ್ಟುಗಳು ಇನ್ನೂ ಹಾಗೇ ಇವೆ, ನಾಳೆ ಅವಕ್ಕೂ ಹಚ್ಚೋಣ ಅಂತಿದ್ದೆ.

ಉಜ್ಜುಗಾರ:
ಮೊದಲು ಬಟ್ಟುಗಳನ್ನು ಪಕ್ಕಕ್ಕಿಡಿ. ಅವನ್ನು ಉಜ್ಜಲೇಬೇಡಿ! ಪಾಲಿಶ್ ಅಂದರೆ ಮೇಲಿನ ಲೋಹವನ್ನು ಸವೆಸುವುದು. ಬಟ್ಟು ಚಿಕ್ಕದಾದಷ್ಟೂ ಆ ಸವೆತ ತೂಕದಲ್ಲಿ ಎದ್ದು ಕಾಣುತ್ತದೆ. ಒಣ ಬ್ರಷ್‌ನಿಂದ ಧೂಳು ತೆಗೆದರೆ ಸಾಕು.

ಇನ್ನು ಗುಲಾಬಿ ಕಲೆ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಹುಳಿ, ಉಪ್ಪು ಎರಡೂ ಸೇರಿ ಜಾಸ್ತಿ ಹೊತ್ತು ಕೂತರೆ ಸತು ಮೊದಲು ಕರಗಿ ಹೋಗುತ್ತದೆ, ಮೇಲೆ ತಾಮ್ರ ಉಳಿಯುತ್ತದೆ. ನೀವು ನೋಡುತ್ತಿರುವುದು ಅದನ್ನೇ. ನಿಂಬೆರಸ ತಪ್ಪಲ್ಲ, ರಾತ್ರಿಯಿಡೀ ಬಿಟ್ಟಿದ್ದು ತಪ್ಪು. ಅದು ಕೆಲವು ನಿಮಿಷದ ಕೆಲಸ.

ಈಗ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತಟ್ಟೆ ತೊಳೆಯಿರಿ, ಉಳಿದ ಹುಳಿ ಸಾಯುತ್ತದೆ. ಆಮೇಲೆ ಬರೀ ನೀರಿನಲ್ಲಿ ತೊಳೆದು ತಕ್ಷಣ ಒರೆಸಿ. ಪೂರ್ತಿ ಒಣಗಿದ ಮೇಲೆ ಲೋಹದ ಪಾಲಿಶ್ ಹಾಕಿ ಹತ್ತಿಬಟ್ಟೆಯಲ್ಲಿ ಉಜ್ಜಿ. ಬಟ್ಟೆ ಕಪ್ಪಾದರೆ ಗಾಬರಿ ಬೇಡ, ಅದು ಸವೆದ ಲೋಹದ ಪುಡಿ. ಕಲೆ ಮೇಲ್ಮೈಯಲ್ಲೇ ಇದ್ದರೆ ಹಳದಿ ಮತ್ತೆ ಬರುತ್ತದೆ. ಒಳಗೆ ಇಳಿದಿದ್ದರೆ ಬರಲ್ಲ. ಆಗ ಹಟ ಹಿಡಿದು ಉಜ್ಜಬೇಡಿ, ತಟ್ಟೆ ತೆಳ್ಳಗಿದೆ.

ಮಿಂಚುಹುಳ:
ಅಷ್ಟೆಲ್ಲ ಕಷ್ಟ ಯಾಕೆ? ಅಮೋನಿಯಾ ಇರುವ ಕ್ಲೀನರ್‌ನಲ್ಲಿ ನೆನೆಸಿಡಿ, ತಾನೇ ಬಿಡುತ್ತದೆ.

ಉಜ್ಜುಗಾರ:
ದಯವಿಟ್ಟು ಬೇಡ. ತಗಡನ್ನು ಒತ್ತಿ ಮಾಡಿದ ತಟ್ಟೆಯ ಒಳಗೆ ಬಿಗುವು ಉಳಿದಿರುತ್ತದೆ. ಅಂಥದ್ದಕ್ಕೆ ಅಮೋನಿಯಾ ತಾಗಿದರೆ ಬಿರುಕು ಬಿಡಬಹುದು. ಹಿಂದೆ ಬ್ರಿಟಿಷ್ ಸೇನೆಯ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ಇಟ್ಟಲ್ಲೇ ಬಿರಿಯುತ್ತಿದ್ದವು. ಅವನ್ನು ಕುದುರೆ ಲಾಯಗಳ ಹತ್ತಿರ ಇಡುತ್ತಿದ್ದರು. ಕುದುರೆ ಗಂಜಲದಿಂದ ಏಳುವ ಅಮೋನಿಯಾವೇ ಕಾರಣ ಅಂತ 1921ರಲ್ಲಿ ವಿವರಿಸಿದರು.

ಹಳೆಸ್ಕ್ರೂ:
ಕಂಬದ ಬಗ್ಗೆ ನಾನು ಹೇಳ್ತೀನಿ. ಮ್ಯಾಗ್ನೆಟ್ ಅಂಟದಿದ್ದರೆ ಒಳಗೆ ಕಬ್ಬಿಣ ಇಲ್ಲ ಅಂತಷ್ಟೇ ಅರ್ಥ. ಸತುವಿನ ಎರಕದ ಮೇಲೆ ಹಿತ್ತಾಳೆ ಲೇಪ ಕೊಟ್ಟಿದ್ದರೂ ಅಂಟುವುದಿಲ್ಲ. ಕಣ್ಣಿಗೆ ಬೀಳದ ಕಡೆ ಸಣ್ಣಗೆ ಗೀರಿ ನೋಡಿ. ಬೂದುಬಣ್ಣ ಕಂಡರೆ ಲೇಪ, ಅಲ್ಲಿಗೇ ನಿಲ್ಲಿಸಿ. ಹಳದಿ ಇದ್ದರೆ ಗಟ್ಟಿ ಹಿತ್ತಾಳೆ.

ಚುಕ್ಕೆ ಚುಕ್ಕೆ ಕಪ್ಪು ಅಂದಿರಲ್ಲ, ನನಗೆ ಲ್ಯಾಕರ್ ಮೇಲೆ ಅನುಮಾನ. ಪಾರದರ್ಶಕ ಮೆರುಗಿನ ಪದರ ಅದು. ಪದರ ಕಿತ್ತುಹೋದ ಕಡೆ ಗಾಳಿ, ತೇವ ಒಳಗೆ ನುಗ್ಗಿ ಕಪ್ಪಾಗಿರುತ್ತದೆ. ಪದರ ಇರುವ ತನಕ ನೀವು ಉಜ್ಜುವುದು ಲೋಹವನ್ನಲ್ಲ, ಲ್ಯಾಕರನ್ನು! ಹತ್ತಿಗೆ ಅಸಿಟೋನ್ ಅದ್ದಿ ಒಂದು ಮೂಲೆಯಲ್ಲಿ ಒತ್ತಿ ನೋಡಿ. ಅಂಟಂಟಾದರೆ ಲ್ಯಾಕರ್ರೇ. ಆದರೆ ಕಂಬವನ್ನು ಪೆಟ್ಟಿಗೆಯಿಂದ ಬಿಚ್ಚಿ ಮಾಡಿ, ಮರದ ಪಾಲಿಶ್‌ಗೆ ಅಸಿಟೋನ್ ಬಿದ್ದರೆ ಅದೂ ಹೋಯಿತು. ಕಿಟಕಿ ತೆಗೆದಿರಲಿ, ಕೈಗವಸು ಇರಲಿ, ಹತ್ತಿರ ಬೆಂಕಿ ಬೇಡವೇ ಬೇಡ.

ಅಂದಹಾಗೆ, ಅಡ್ಡದಂಡ ಕೂರುವ ಚೂಪು ಅಂಚು ಉಕ್ಕಿನದಾಗಿರಬಹುದು. ಅದಕ್ಕೆ ನೀರು, ಹುಳಿ ಎರಡೂ ತಾಗಿಸಬೇಡಿ.

ತಕ್ಕಡಿಪ್ರಿಯ:
ವಾರ ಆಯ್ತು, ವರದಿ ಒಪ್ಪಿಸ್ತೀನಿ. ಕಂಬದ ತಳದಲ್ಲಿ ಗೀರಿದೆ, ಹಳದಿಯೇ. ಹತ್ತಿ ಅಂಟಿಕೊಂಡಿತು, ಅಂದರೆ ಲ್ಯಾಕರ್! ಅದನ್ನು ತೆಗೆದ ಮೇಲೆ ಪಾಲಿಶ್ ಹತ್ತು ನಿಮಿಷದ ಕೆಲಸ. ಒಂದು ತಟ್ಟೆ ಪೂರ್ತಿ ಹಳದಿಯಾಯಿತು. ಇನ್ನೊಂದರ ಮಧ್ಯೆ ಬೆರಳಗಲ ಗುಲಾಬಿ ಉಳಿದಿದೆ, ಬಿಟ್ಟುಬಿಟ್ಟೆ. ಈಗ ಎರಡು ಸಮಸ್ಯೆ. ಕೆತ್ತನೆಯ ಸಂದಿಯಲ್ಲಿ ಬಿಳಿ ಪುಡಿ ಕೂತಿದೆ. ತಕ್ಕಡಿ ಬಲಕ್ಕೆ ವಾಲುತ್ತಿದೆ.

ಉಜ್ಜುಗಾರ:
ಬಿಳಿ ಪುಡಿ ಒಣಗಿದ ಪಾಲಿಶ್. ಮೆತ್ತನೆ ಟೂತ್‌ಬ್ರಷ್‌ಗೆ ಸ್ವಲ್ಪ ಸ್ಪಿರಿಟ್ ಹಾಕಿ ಉಜ್ಜಿದರೆ ಬರುತ್ತದೆ. ಎಡ ತಟ್ಟೆ ಜಾಸ್ತಿ ಉಜ್ಜಿದ್ದೀರಿ ಅನಿಸುತ್ತದೆ, ಅದಕ್ಕೇ ಹಗುರವಾಗಿದೆ! ಅಡ್ಡದಂಡದ ತುದಿಗಳಲ್ಲಿ ಪುಟ್ಟ ತಿರುಪು ಇದೆಯಾ ನೋಡಿ. ಇದ್ದರೆ ಎಡಗಡೆಯದನ್ನು ಹೊರಕ್ಕೆ ತಿರುಗಿಸುತ್ತಾ ಬನ್ನಿ, ಸಮ ಆಗುತ್ತದೆ. ಕೊನೆಗೆ ತೆಳುವಾಗಿ ಮೇಣದ ಪಾಲಿಶ್ ಹಚ್ಚಿ ಒರೆಸಿ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪಿಗೆ ಬೆರಳಚ್ಚು ಹಾಗೇ ಕಪ್ಪಾಗಿ ಕೂರುತ್ತದೆ.

ತಕ್ಕಡಿಪ್ರಿಯ:
ತಿರುಪು ಇದೆ! ಕಿಲುಬಿನಲ್ಲಿ ಮುಚ್ಚಿಹೋಗಿ ಅಲಂಕಾರದ ಗುಂಡು ಅಂದುಕೊಂಡಿದ್ದೆ. ಎಡದ್ದನ್ನು ಒಂದೂವರೆ ಸುತ್ತು ತಿರುಗಿಸಿದೆ, ಮುಳ್ಳು ಈಗ ನಡುವೆ ನಿಂತಿದೆ.