ದೆಹಲಿಯ ಮರಾಂಟ್ಜ್‌ಗೆ ಪೂರ್ತಿ ದುಡ್ಡು ಮೊದಲೇ ಕಳಿಸಬಹುದಾ?

ತುಮಕೂರು ಟ್ಯೂನರ್:
ಎಲ್ಲರಿಗೂ ನಮಸ್ಕಾರ. ಹತ್ತು ವರ್ಷದಿಂದ ಮರಾಂಟ್ಜ್ 2270 ಹುಡುಕುತ್ತಿದ್ದೆ. 1970ರ ದಶಕದ ರಿಸೀವರ್ (ರೇಡಿಯೋ, ಆಂಪ್ಲಿಫೈಯರ್ ಎರಡೂ ಒಂದರಲ್ಲೇ), ಚಾನೆಲ್‌ಗೆ 70 ವ್ಯಾಟ್, ಆ ನೀಲಿ ಡಯಲ್... ನಿಮಗೆ ಗೊತ್ತಲ್ಲ. ಈಗ ಆನ್‌ಲೈನ್‌ನಲ್ಲಿ ಒಂದು ಸಿಕ್ಕಿದೆ. ಮಾರುವವರು ದೆಹಲಿಯವರು, 55,000 ಹೇಳುತ್ತಿದ್ದಾರೆ. ಆರು ಫೋಟೋ ಕಳಿಸಿದ್ದಾರೆ, ಎಲ್ಲದರಲ್ಲೂ ಡಯಲ್ ಉರಿಯುತ್ತಿದೆ. ಆದರೆ ಪೂರ್ತಿ ದುಡ್ಡು ಯುಪಿಐ ಮಾಡಿದ ಮೇಲೆಯೇ ಪಾರ್ಸೆಲ್ ಅಂತಾರೆ. ನಂಬಿಕೆಗೆ ಇರಲಿ ಅಂತ ಆಧಾರ್ ಕಾರ್ಡಿನ ಫೋಟೋನೂ ಕಳಿಸಿದ್ದಾರೆ. ಫೋನಿನಲ್ಲಿ ಮಾತಾಡಿದೆ, ವಯಸ್ಸಾದವರು, ಮರ್ಯಾದಸ್ಥರ ಹಾಗೆ ಕಾಣಿಸಿತು. ಏನು ಮಾಡಲಿ? ಮನೆಯಲ್ಲಿ ಇನ್ನೂ ಹೇಳಿಲ್ಲ.

ಬಸವನಗುಡಿ ಬೇಸ್:
ಕಳಿಸಬೇಡಿ ಸಾರ್. ಹಳೇ ಆಂಪ್ಲಿಫೈಯರ್ ಅಂದರೆ ಹಳೇ ಸ್ಕೂಟರ್ ಇದ್ದ ಹಾಗೆ. ಒಂದು ಕಿಕ್ ಹೊಡೆದು ನೋಡದೆ ಯಾರಾದರೂ ದುಡ್ಡು ಎಣಿಸುತ್ತಾರಾ? ಫೋಟೋದಲ್ಲಿ ಡಯಲ್ ಉರಿಯುತ್ತಿದ್ದರೆ ಬಲ್ಬ್ ಸರಿ ಇದೆ ಅಂತ ಅಷ್ಟೇ ಅರ್ಥ. ಇನ್ನು ಆಧಾರ್ ವಿಷಯ. ನನಗೆ ಮೊದಲ ಅನುಮಾನ ಹುಟ್ಟಿದ್ದೇ ಅಲ್ಲಿ. ಮೋಸಗಾರರು ಕಳಿಸುವುದು ತಮ್ಮ ಕಾರ್ಡ್ ಅಲ್ಲ, ಹಿಂದೆ ಮೋಸಹೋದವರದ್ದು. ನೀವೂ ನಿಮ್ಮದನ್ನು ಕಳಿಸಿದರೆ ನಾಳೆ ನಿಮ್ಮ ಮುಖ ಇಟ್ಟುಕೊಂಡು ಇನ್ಯಾರಿಗೋ ಮರಾಂಟ್ಜ್ ಮಾರುತ್ತಾರೆ. 'ನಾನು ಸೈನ್ಯದಲ್ಲಿದ್ದೇನೆ, ಟ್ರಾನ್ಸ್‌ಫರ್ ಆಗಿದೆ, ಅದಕ್ಕೇ ಅರ್ಧ ಬೆಲೆ' ಅನ್ನುವ ಕಥೆ ಕೇಳಿದ್ದೀರಲ್ಲ? ಅಲ್ಲೂ ಗುರುತಿನ ಚೀಟಿ ಪಕ್ಕಾ ಇರುತ್ತದೆ.

ನಾನಂತೂ ಕಣ್ಣಾರೆ ನೋಡದೆ, ಕಿವಿಯಾರೆ ಕೇಳದೆ ಇಷ್ಟು ವರ್ಷದಲ್ಲಿ ಒಂದು ಕೇಬಲ್ ಕೂಡ ಕೊಂಡಿಲ್ಲ.

ಸೆಕೆಂಡ್ ಹ್ಯಾಂಡ್ ಶೆಟ್ರು:
ಬಸವನಗುಡಿಯಲ್ಲಿ ಕೂತು ಹಾಗೆ ಹೇಳುವುದು ಸುಲಭ ಮಾರಾಯ್ರೆ. ನಾನಿರುವುದು ಉಡುಪಿಯಲ್ಲಿ. ನೋಡಿಯೇ ಕೊಳ್ಳುತ್ತೇನೆ ಅಂತ ಕೂತಿದ್ದರೆ ಇವತ್ತಿಗೂ ಮನೆಯ ಟಿವಿ ಸ್ಪೀಕರಲ್ಲೇ ಹಾಡು ಕೇಳಬೇಕಿತ್ತು.

ಇನ್ನೊಂದು ಮಾತು. ಎಲ್ಲರೂ ಕೊಳ್ಳುವವನ ಕಣ್ಣೀರು ಮಾತ್ರ ಒರೆಸುತ್ತೀರಿ. ಮಾರುವವನೂ ಅಳುತ್ತಾನೆ. ನಾನು ಒಂದು ಜೊತೆ ಸ್ಪೀಕರ್ ಮಾರಲು ಇಟ್ಟಿದ್ದೆ. ಒಬ್ಬ ಕಾರಿನಲ್ಲಿ ಬಂದ, ಅರ್ಧ ಗಂಟೆ ಕೂತು ಕೇಳಿದ, ಕಾಫಿ ಕುಡಿದ. ನನ್ನೆದುರೇ ಫೋನ್ ಒತ್ತಿ ತೋರಿಸಿದ. ಹಸಿರು ಟಿಕ್ ಬಂತು, ಟಿಂಗ್ ಅಂತ ಸದ್ದೂ ಬಂತು, ಪರದೆ ಮೇಲೆ ನನ್ನ ಹೆಸರು ಸಮೇತ ಇತ್ತು. ಸ್ಪೀಕರನ್ನು ಡಿಕ್ಕಿಗೆ ಏರಿಸಲು ನಾನೇ ಕೈ ಹಾಕಿದೆ. ಖಾತೆಗೆ ಒಂದು ಪೈಸೆ ಬಂದಿರಲಿಲ್ಲ. ಅದು ಪೇಮೆಂಟ್ ಆಪ್ ಅಲ್ಲ, ಪೇಮೆಂಟ್ ಆದ ಹಾಗೆ ತೋರಿಸುವ ನಕಲಿ ಆಪ್. ಇವತ್ತಿಗೆ ನಾನು ಅವರ ಫೋನ್ ನೋಡುವುದಿಲ್ಲ, ಬಂದ ಎಸ್ಸೆಮ್ಮೆಸ್ಸನ್ನೂ ನಂಬುವುದಿಲ್ಲ. ನನ್ನ ಬ್ಯಾಂಕ್ ಆಪ್ ತೆರೆದು ಬ್ಯಾಲೆನ್ಸ್ ಏರಿದ್ದು ಕಂಡ ಮೇಲೆಯೇ ಬಾಗಿಲು ದಾಟಿಸುವುದು. ಹಾಗಾಗಿ ಆ ದೆಹಲಿಯವರು ಪೂರ್ತಿ ದುಡ್ಡು ಮೊದಲು ಅಂದರೆ ನನಗೆ ಆಶ್ಚರ್ಯ ಆಗಲ್ಲ. ಅವರೂ ಎಲ್ಲೋ ಪೆಟ್ಟು ತಿಂದಿರಬೇಕು.

ಹುಬ್ಳಿ ಹಾರ್ನ್:
ಶೆಟ್ರೇ, ನನಗೆ ಉಲ್ಟಾ ಆಗಿತ್ತು ನೋಡ್ರಿ. ನಾನು ಸಿಡಿ ಪ್ಲೇಯರ್ ಮಾರಲು ಹಾಕಿದ್ದೆ. ಕೊಳ್ಳುವವನು ಚೌಕಾಸಿನೇ ಮಾಡಲಿಲ್ಲ. ಆಗಲೇ ಸಂಶಯ ಬರಬೇಕಿತ್ತು. 'ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕ್ರಿ, ದುಡ್ಡು ನಿಮಗೆ ಬರುತ್ತೆ' ಅಂದ. ಪುಣ್ಯಕ್ಕೆ ಪಕ್ಕದಲ್ಲಿ ಮಗಳಿದ್ದಳು, ಫೋನ್ ಕಸಿದುಕೊಂಡಳು. ಯುಪಿಐ ಪಿನ್ ಹಾಕುವುದು ದುಡ್ಡು ಕೊಡುವಾಗ. ತೆಗೆದುಕೊಳ್ಳಲು ಪಿನ್ ಬೇಡ, ಸ್ಕ್ಯಾನೂ ಬೇಡ. ಯಾರಾದರೂ ಸಿಕ್ಕಿಹಾಕಿಕೊಂಡರೆ ನಾಚಿಕೆ ಅಂತ ಸುಮ್ನೆ ಕೂರಬೇಡ್ರಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡ್ರಿ. ತಡ ಆದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರಿಬಿಡುತ್ತದೆ.

ಬೇ ಏರಿಯಾ ಭಾವ:
ಇಲ್ಲಿ ಅಮೆರಿಕದಲ್ಲಿ ಇಷ್ಟು ತಲೆಬಿಸಿ ಇಲ್ಲ. ಪೇಪಾಲ್‌ನಲ್ಲಿ ಗೂಡ್ಸ್ ಅಂಡ್ ಸರ್ವೀಸಸ್ ಅಂತ ಕಳಿಸಿದರೆ ಸಾಮಾನು ಬರದಿದ್ದರೂ, ಹೇಳಿದ್ದೊಂದು ಬಂದದ್ದೊಂದು ಆದರೂ ದೂರು ಕೊಟ್ಟು ದುಡ್ಡು ವಾಪಸ್ ಕೇಳಬಹುದು. 'ಫ್ರೆಂಡ್ಸ್ ಅಂಡ್ ಫ್ಯಾಮಿಲಿಗೆ ಹಾಕಿ, ಫೀಸ್ ಉಳಿಯುತ್ತೆ' ಅಂತ ಯಾರಾದರೂ ಅಂದರೆ ಮಾತ್ರ ಹುಷಾರು, ಅದಕ್ಕೆ ಆ ರಕ್ಷಣೆ ಇಲ್ಲ. ಅಲ್ಲೂ ಹಾಗೇ ಮಾಡಬಹುದಲ್ವಾ?

ಬಸವನಗುಡಿ ಬೇಸ್:
ಭಾವ, 2021ರ ಏಪ್ರಿಲ್‌ನಿಂದ ಪೇಪಾಲ್ ಭಾರತದ ಒಳಗಿನ ವ್ಯವಹಾರ ನಿಲ್ಲಿಸಿದೆ. ಇಬೇ ಇಂಡಿಯಾ 2018ರಲ್ಲೇ ಬಾಗಿಲು ಹಾಕಿತು. ಇಲ್ಲಿ ಇರುವುದು ಯುಪಿಐ. ಒತ್ತಿದರೆ ಹೋಯಿತು. ಅದಕ್ಕೇ ನಾನು ಹೋಗಿ ನೋಡಿ ಅನ್ನುವುದು.

ಸೀಸದ ಹೊಗೆ:
ನಾನು ರಿಪೇರಿ ಕೆಲಸದವನು. ಕಳ್ಳರ ವಿಷಯ ನನಗೆ ಅಷ್ಟು ಗೊತ್ತಿಲ್ಲ, ಆದರೆ ನೀವು ಹಾಕಿದ ಫೋಟೋ ನೋಡಿದೆ. ಟ್ಯೂನರ್ ಅವರೇ, ನಾಲ್ಕನೇ ಫೋಟೋದ ಎಡಮೂಲೆ ದೊಡ್ಡದು ಮಾಡಿ ನೋಡಿ. ಗೋಡೆಯಲ್ಲಿ ನಮ್ಮ ಮೂರು ದುಂಡು ತೂತಿನ ಸಾಕೆಟ್ ಇದೆ. ಅಂದರೆ ಈ ಫೋಟೋ ನಮ್ಮ ದೇಶದ್ದೇ ಇರಬೇಕು, ಅಮೆರಿಕದ ಯಾವುದೋ ಜಾಹೀರಾತಿನಿಂದ ಎತ್ತಿದ್ದಲ್ಲ. ಕದ್ದ ಫೋಟೋ ಹಿಡಿಯಲು ನಾನು ಮೊದಲು ನೋಡುವುದೇ ಗೋಡೆ. ಎರಡು ಚಪ್ಪಟೆ ಸೀಳಿನ ಸಾಕೆಟ್ ಕಂಡರೆ ಅಲ್ಲಿಗೆ ಮಾತು ಮುಗಿಯಿತು.

ಅದೇ ಸಾಕೆಟ್ ಕೆಳಗೆ ನೆಲದ ಮೇಲೆ ಒಂದು ಕಪ್ಪು ಕಬ್ಬಿಣದ ಡಬ್ಬ ಕಾಣುತ್ತದೆಯಲ್ಲ? ಅದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್, ನಮ್ಮ ಕರೆಂಟಿನ ವೋಲ್ಟೇಜ್ ಇಳಿಸಿ ಕೊಡುವ ಡಬ್ಬ. ಅಂದರೆ ನಿಮ್ಮ ಮರಾಂಟ್ಜ್ ಅಮೆರಿಕದಿಂದ ಬಂದ 120 ವೋಲ್ಟಿನದು. ಇದನ್ನು ಅವರು ಹೇಳಿದರಾ? ಗೊತ್ತಿಲ್ಲದೆ ತುಮಕೂರಿನ 230ಕ್ಕೆ ನೇರ ಚುಚ್ಚಿದರೆ ಫ್ಯೂಸು, ಟ್ರಾನ್ಸ್‌ಫಾರ್ಮರು, ಕೆಪಾಸಿಟರು ಎಲ್ಲಾ ಒಂದೇ ಏಟಿಗೆ ಹೋಗುತ್ತವೆ. ನನ್ನ ಮೇಜಿಗೆ ಹಾಗೆ ಸುಟ್ಟುಕೊಂಡು ಬಂದವು ಕಡಿಮೆ ಇಲ್ಲ. ಹೆಚ್ಚಿನವು ಅಮೆರಿಕದಿಂದ ವಾಪಸ್ ಬಂದವರ ಮನೆಯವು. ಅಪ್ಪ ಜೋಪಾನವಾಗಿ ಇಟ್ಟಿರುತ್ತಾರೆ, ಮಗ ಬಂದು ಪ್ಲಗ್ ಹಾಕುತ್ತಾನೆ.

ತುಮಕೂರು ಟ್ಯೂನರ್:
ಅಯ್ಯೋ, ಆ ಡಬ್ಬ ಯುಪಿಎಸ್ ಅಂದುಕೊಂಡಿದ್ದೆ! ಅವರು ವೋಲ್ಟೇಜ್ ಬಗ್ಗೆ ಏನೂ ಹೇಳಿಲ್ಲ. ಇದು ಮೋಸಾನಾ?

ಸೀಸದ ಹೊಗೆ:
ಮೋಸ ಅನ್ನಬೇಡಿ. ನೀವು ಕೇಳಲಿಲ್ಲ, ಅವರು ಹೇಳಲಿಲ್ಲ. ದಿನಾ ಆ ಡಬ್ಬದ ಮೂಲಕವೇ ಹಾಕುವವರಿಗೆ ಅದು ಮರೆತೇ ಹೋಗಿರುತ್ತದೆ.

ವಿಡಿಯೋ ಕಾಲ್‌ನಲ್ಲಿ ಇಷ್ಟು ಮಾಡಿಸಿ. ಸೆಟ್ ತಣ್ಣಗಿರುವಾಗಲೇ ಕರೆ ಶುರುವಾಗಲಿ. ಮೊದಲೇ ಬಿಸಿ ಮಾಡಿಟ್ಟರೆ ಎಷ್ಟೋ ಕಾಯಿಲೆ ಅಡಗಿರುತ್ತವೆ. ಹಿಂಬದಿಯ ಸೀರಿಯಲ್ ನಂಬರ್ ತೋರಿಸಲಿ, ಕ್ಯಾಮರಾ ಅಲ್ಲಿಂದ ಕಟ್ ಆಗದೆ ಮುಂದಕ್ಕೆ ಬರಲಿ. ವಾಲ್ಯೂಮ್ ನಿಧಾನ ತಿರುಗಿಸಲಿ. ಬರಬರ ಅಂದರೆ ಚಿಂತೆ ಇಲ್ಲ, ಕ್ಲೀನರ್ ಹೊಡೆದರೆ ಹೋಗುತ್ತದೆ. ಬ್ಯಾಲೆನ್ಸ್ ಎಡಕ್ಕೆ, ಬಲಕ್ಕೆ ಪೂರ್ತಿ ಹೋಗಲಿ, ಎರಡೂ ಚಾನೆಲ್ ಬರುತ್ತವಾ ಕೇಳಿ. ಆದರೆ ಒಂದು ವಿಷಯ ಫೋನಿನಲ್ಲಿ ಕೇಳಿಸುವುದೇ ಇಲ್ಲ, ಅದು ಡಿಸಿ ಆಫ್‌ಸೆಟ್, ಅಂದರೆ ಹಾಡಿಲ್ಲದಾಗಲೂ ಸ್ಪೀಕರಿಗೆ ಸೋರುವ ನೇರ ವೋಲ್ಟೇಜ್. ಸ್ಪೀಕರ್ ವೈರ್ ಬಿಚ್ಚಿ, ವಾಲ್ಯೂಮ್ ಸೊನ್ನೆ ಮಾಡಿ, ಹತ್ತು ನಿಮಿಷ ಬಿಟ್ಟು, ಸ್ಪೀಕರ್ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿಯಬೇಕು. 50 ಮಿಲಿವೋಲ್ಟ್ ಒಳಗಿದ್ದರೆ ಸರಿ. ವೋಲ್ಟ್ ಲೆಕ್ಕದಲ್ಲಿ ಬಂದರೆ ನಿಮ್ಮ ಸ್ಪೀಕರಿನ ಕಾಯಿಲ್ ಸುಡುತ್ತದೆ.

ಇನ್ನೊಂದು: ಫುಲ್ ಸರ್ವೀಸ್ ಆಗಿದೆ ಅಂದರೆ ಒಳಗಿನ ಫೋಟೋ ಕೇಳಿ. ಸ್ಪೀಕರಿಗೆ ಪವರ್ ಕೊಡುವ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ನಕಲಿ ತುಂಬಿ ತುಳುಕುತ್ತಿದೆ. ತೋಷಿಬಾದ 2ಎಸ್‌ಸಿ5200 ಅಂತ ಮೇಲೆ ಬರೆದಿರುತ್ತದೆ, ಒಳಗೆ ಚಿಪ್ಪು ಸಾಸಿವೆ ಕಾಳಿನಷ್ಟಿರುತ್ತದೆ. ಜೋರಾಗಿ ಇಟ್ಟರೆ ಹೋಯಿತು. ರಿಪೇರಿ ಕಾಣದ ಸೆಟ್ಟೇ ಎಷ್ಟೋ ವಾಸಿ.

ಬಸವನಗುಡಿ ಬೇಸ್:
ನೋಡಿ, ಇದನ್ನೆಲ್ಲ ದೆಹಲಿಯಲ್ಲಿ ಯಾರು ಮಾಡುತ್ತಾರೆ? ಆ ಹಿರಿಯರ ಕೈಯಲ್ಲಿ ಮಲ್ಟಿಮೀಟರ್ ಹಿಡಿಸುತ್ತೀರಾ?

ಕರೋಲ್ ಬಾಗ್ ಕಾಫಿ:
ನಾನಿದ್ದೇನಲ್ಲ! ದೆಹಲಿಗೆ ಬಂದು ಹದಿನೆಂಟು ವರ್ಷ ಆಯಿತು. ಅವರ ಮನೆ ಯಮುನೆಯ ಆಚೆ ಆದರೂ ಮೆಟ್ರೋ ಇದೆ. ಭಾನುವಾರ ಹೋಗಿ ಬರುತ್ತೇನೆ. ಮಲ್ಟಿಮೀಟರ್ ಮನೆಯಲ್ಲಿದೆ, ಇನ್ವರ್ಟರ್ ಬ್ಯಾಟರಿ ನೋಡಲು ತಂದಿದ್ದು. ಟ್ಯೂನರ್ ಅವರೇ, ಅವರಿಗೆ ಮೊದಲೇ ಹೇಳಿಡಿ. ಹೇಳದೆ ಹೋದರೆ ನನ್ನನ್ನೇ ಕಳ್ಳ ಅಂದುಕೊಳ್ಳುತ್ತಾರೆ.

ಬಸವನಗುಡಿ ಬೇಸ್:
ಹೇಳಿ ನೋಡಿ. 'ಊರಲ್ಲಿಲ್ಲ', 'ಮಗಳ ಮದುವೆ', 'ಇನ್ನೊಬ್ಬರು ಅಡ್ವಾನ್ಸ್ ಕೊಟ್ಟಿದ್ದಾರೆ, ಬೇಗ ಹೇಳಿ' ಅಂತ ಶುರುವಾಗುತ್ತದೆ. ಬರೆದಿಟ್ಟುಕೊಳ್ಳಿ.

ತುಮಕೂರು ಟ್ಯೂನರ್:
ಹೇಳಿದೆ. 'ಖಂಡಿತ ಬರಲಿ, ಊಟಕ್ಕೇ ಬರಲಿ' ಅಂದರು.

ಸೆಕೆಂಡ್ ಹ್ಯಾಂಡ್ ಶೆಟ್ರು:
ಹ್ಹಹ್ಹ. ಬಸವನಗುಡಿಯವರೇ, ಬರೆದಿಟ್ಟುಕೊಂಡಿದ್ದೇನೆ.

ಅಷ್ಟರಲ್ಲಿ ಪಾರ್ಸೆಲ್ ವಿಷಯವೂ ಆಗಲಿ. ಸೆಟ್ ಚೆನ್ನಾಗಿದ್ದರೂ ದಾರಿಯಲ್ಲಿ ಹಾಳಾಗುತ್ತದೆ. ನಾನೊಮ್ಮೆ ಟೆಕ್ನಿಕ್ಸ್ ಎಸ್ಎಲ್-1200 ರೆಕಾರ್ಡ್ ಪ್ಲೇಯರ್ ತರಿಸಿದ್ದೆ. ಪುಣ್ಯಾತ್ಮ ಪ್ಲ್ಯಾಟರ್ ಬಿಚ್ಚದೆ ಹಾಗೇ ಪ್ಯಾಕ್ ಮಾಡಿದ್ದ. ಆ ಭಾರದ ತಟ್ಟೆ ದಾರಿಯುದ್ದಕ್ಕೂ ಸ್ಪಿಂಡಲ್ ಮೇಲೆ ಕುಣಿದಿದೆ. ಮುಳ್ಳು ಹಿಡಿಯುವ ಟೋನ್‌ಆರ್ಮ್ ಕಟ್ಟಿರಲೂ ಇಲ್ಲ. ಡಬ್ಬ ತೆಗೆದಾಗ ಆರ್ಮ್ ಮುರಿದ ಕೈಯಂತೆ ಜೋತುಬಿದ್ದಿತ್ತು. ಕೊರಿಯರಿನವರು ಪ್ಯಾಕಿಂಗ್ ಸರಿ ಇಲ್ಲ ಅಂದರು, ಮಾರಿದವನು ಕೊರಿಯರಿನವರದ್ದೇ ತಪ್ಪು ಅಂದ.

ಆಮೇಲಿಂದ ನಾನು ಮಾರುವಾಗ ಪ್ಯಾಕ್ ಮಾಡುವುದನ್ನು ಪೂರ್ತಿ ವಿಡಿಯೋ ಮಾಡುತ್ತೇನೆ. ಡಬ್ಬದೊಳಗೆ ಡಬ್ಬ, ನಡುವೆ ಥರ್ಮೋಕೋಲ್. ಒಳಗಿನ ಎರಡು ಸ್ಕ್ರೂ ಮೇಲೆ ಹೆಂಡತಿಯ ಉಗುರುಬಣ್ಣದ ಒಂದೊಂದು ಚುಕ್ಕೆ. ಸ್ಕ್ರೂ ತಲೆಗೂ ಪಕ್ಕದ ತಗಡಿಗೂ ಸೇರಿದ ಹಾಗೆ ಇಡಬೇಕು. ಸ್ಕ್ರೂ ತಿರುಗಿಸಿದರೆ ಚುಕ್ಕೆ ಒಡೆಯುತ್ತದೆ. ಒಬ್ಬ 'ಆಂಪ್ ಸತ್ತಿದೆ, ವಾಪಸ್ ತಗೊಳ್ಳಿ' ಅಂತ ಕಳಿಸಿದಾಗ ನೋಡಿದರೆ ಚುಕ್ಕೆ ಎರಡು ಹೋಳು. ಒಳಗೆ ನನ್ನ ಬೋರ್ಡೇ ಇರಲಿಲ್ಲ.

ಬಸವನಗುಡಿ ಬೇಸ್:
ಇಷ್ಟೆಲ್ಲ ಮಾಡಿ ಕಳಿಸುವ ಬದಲು ಒಂದು ರಾತ್ರಿ ಬಸ್ ಹತ್ತುವುದು ಸುಲಭ ಅಲ್ವಾ ಶೆಟ್ರೇ?

ಸೆಕೆಂಡ್ ಹ್ಯಾಂಡ್ ಶೆಟ್ರು:
ದೆಹಲಿಗೆ?

ಕರೋಲ್ ಬಾಗ್ ಕಾಫಿ:
ಹೋಗಿ ಬಂದೆ. ನಿವೃತ್ತ ಪ್ರೊಫೆಸರ್. 1980ರ ದಶಕದಲ್ಲಿ ಅಮೆರಿಕದಲ್ಲಿ ಓದುವಾಗ ಕೊಂಡದ್ದಂತೆ. ಶೆಟ್ರು ಹೇಳಿದ್ದು ನಿಜ. ಹೋದ ವರ್ಷ ಇದನ್ನೇ ಒಬ್ಬರಿಗೆ ಕಳಿಸಿದ್ದರು, 'ಬಂದ ಮೇಲೆ ದುಡ್ಡು' ಅಂತ. ಅವರು ಪಾರ್ಸೆಲ್ ಬಿಡಿಸಿಕೊಳ್ಳಲೇ ಇಲ್ಲ. ಹೋಗಿ ವಾಪಸ್ ಬರುವಷ್ಟರಲ್ಲಿ ಒಂದು ನಾಬ್ ಮುರಿದಿತ್ತು. ಅದಕ್ಕೇ ಈಗ ದುಡ್ಡು ಮೊದಲು ಅನ್ನುತ್ತಾರೆ. ಆಧಾರ್ ಕಳಿಸುವ ಐಡಿಯಾ ಅವರ ಮೊಮ್ಮಗನದ್ದು. ಇನ್ನು ಮುಂದೆ ಯಾರಿಗೂ ಕಳಿಸಬೇಡಿ ಅಂತ ಹೇಳಿ ಬಂದೆ.

ಸೆಟ್ ತಣ್ಣಗಿತ್ತು, ಮುಟ್ಟಿ ನೋಡಿದೆ. ಟ್ಯೂನಿಂಗ್ ಚಕ್ರವನ್ನು ಒಮ್ಮೆ ಬೆರಳಿನಿಂದ ತಳ್ಳಿದರೆ ಮುಳ್ಳು ಈ ತುದಿಯಿಂದ ಆ ತುದಿಗೆ ತೇಲಿಕೊಂಡು ಹೋಗುತ್ತದೆ, ಎಲ್ಲೂ ತಡೆಯಲ್ಲ. ವಾಲ್ಯೂಮ್ ಬರಬರ ಅನ್ನುತ್ತದೆ. ಡಿಸಿ: ಬಲ 22, ಎಡ 180 ಮಿಲಿವೋಲ್ಟ್. ಹೊಗೆಯವರೇ, 180 ಅಂದರೆ?

ಸೀಸದ ಹೊಗೆ:
ಇವತ್ತೇ ಸುಡುವಷ್ಟಿಲ್ಲ, ಆದರೆ ಚೆನ್ನಾಗಿಲ್ಲ. ಒಳಗೆ ಹೊಂದಿಸಲು ಇರುವ ಪುಟ್ಟ ಟ್ರಿಮ್ಮರ್ ತಿರುಗಿಸಿದರೆ ಸರಿ ಹೋಗಬಹುದು. ಹೋಗದಿದ್ದರೆ ಎಡಗಡೆ ಒಂದು ಟ್ರಾನ್ಸಿಸ್ಟರ್ ಮುದಿಯಾಗಿದೆ. ಜೊತೆಗೆ ಐವತ್ತು ವರ್ಷದ ಕೆಪಾಸಿಟರ್‌ಗಳು. ಬಿಡಿಭಾಗ, ಕೂಲಿ ಸೇರಿ 12,000 ಎತ್ತಿಡಿ. ಸ್ಟೆಪ್‌ಡೌನ್ ಡಬ್ಬವನ್ನೂ ಸೇರಿಸಿ ಕೊಡಲಿ. ಅದರ ಮೇಲೆ ಸಾಮರ್ಥ್ಯ 500 ವಿಎ (ವೋಲ್ಟ್-ಆಂಪಿಯರ್) ಅಥವಾ ಜಾಸ್ತಿ ಬರೆದಿದೆಯಾ ನೋಡಿ.

ತುಮಕೂರು ಟ್ಯೂನರ್:
ಡಬ್ಬ 750 ವಿಎ ಅಂತೆ. ರೀಡಿಂಗ್‌ಗಳನ್ನು ಹಾಗೇ ಅವರಿಗೆ ಹೇಳಿದೆ, ಚೌಕಾಸಿ ಅಂತ ಅಲ್ಲ. ಅವರೇ 44,000ಕ್ಕೆ ಇಳಿದರು, ಡಬ್ಬವೂ ಸೇರಿ. ಕಾಫಿಯವರ ಕೈಯಲ್ಲಿ 4,000 ಕೊಡಿಸಿ, ಸೀರಿಯಲ್ ನಂಬರ್ ಹಾಕಿ ಒಂದು ಚೀಟಿ ಬರೆಸಿಕೊಂಡಿದ್ದೇನೆ. ಉಳಿದದ್ದು ಸೆಟ್ ಎತ್ತುವಾಗ.

ಪಾರ್ಸೆಲ್ ಮಾಡಿಸುತ್ತಿಲ್ಲ. ಮುಂದಿನ ವಾರ ನಮ್ಮ ಭಾವಮೈದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬರುತ್ತಿದ್ದಾನೆ. ಲೋವರ್ ಬರ್ತ್. ಅವನಿಗೆ ಹೇಳಬೇಕಾಯಿತು, ಹಾಗಾಗಿ ಮನೆಯಲ್ಲೂ ಗೊತ್ತಾಯಿತು. ಸೀಟ್ ಕೆಳಗೆ ಇಟ್ಟರೆ ಆಗುತ್ತಲ್ವಾ?

ಬಸವನಗುಡಿ ಬೇಸ್:
ನಾನು ಹೇಳಿದ್ದು ಮೋಸ ಅಂತ, ಅದು ತಪ್ಪಾಯಿತು. ಹೋಗಿ ನೋಡಿ ಅಂದಿದ್ದು ತಪ್ಪಾ?

ಸೆಕೆಂಡ್ ಹ್ಯಾಂಡ್ ಶೆಟ್ರು:
ಹೋಗಿದ್ದು ಬೇರೆಯವರು ಸ್ವಾಮೀ. ಟ್ಯೂನರ್ ತುಮಕೂರಲ್ಲೇ ಇದ್ದಾರೆ.

ಸೀಸದ ಹೊಗೆ:
ಸೀಟ್ ಕೆಳಗೆ ಆಗುತ್ತದೆ, ಮಲಗಿಸಿಯೇ ಇಡಲಿ, ನಿಲ್ಲಿಸುವುದು ಬೇಡ. ಮುಂಭಾಗ ಗೋಡೆಯ ಕಡೆ ಇರಲಿ, ದಾರಿಯ ಕಡೆ ಬೇಡ. ಎಲ್ಲರೂ ಸೂಟ್‌ಕೇಸ್ ನೂಕುತ್ತಾರೆ, ಇನ್ನೊಂದು ನಾಬ್ ಹೋದರೆ ಹುಡುಕಿ ಕೊಡಲು ನನ್ನ ಕೈಲಾಗಲ್ಲ. ಸ್ಟೆಪ್‌ಡೌನ್ ಡಬ್ಬವನ್ನು ಅದರ ಮೇಲೆ ಮಾತ್ರ ಇಡಬೇಡಿ ಅಂತ ಭಾವಮೈದನಿಗೆ ಎರಡು ಸಲ ಹೇಳಿ.