ಆಷಾಢದಲ್ಲೂ ಬಾಡಿಗೆ ಕೇಳುವ ತಂತ್ರಾಂಶ: ಐದು ಲೈಸೆನ್ಸ್‌ಗಳ ಖರ್ಚನ್ನು ಹೇಗೆ ಹಿಡಿತಕ್ಕೆ ತರಲಿ?

ಚಾಮರಾಜಪೇಟೆ ಪ್ರೆಸ್

ನಮಸ್ಕಾರ. ಚಾಮರಾಜಪೇಟೆಯಲ್ಲಿ ನಮ್ಮದೊಂದು ಸಣ್ಣ ಆಫ್‌ಸೆಟ್ ಪ್ರೆಸ್ ಇದೆ. ಅಪ್ಪ ಮೊಳೆ ಜೋಡಿಸುತ್ತಿದ್ದ ಜಾಗದಲ್ಲಿ ಈಗ ಐದು ಕಂಪ್ಯೂಟರ್‌ಗಳಿವೆ. ಲಗ್ನಪತ್ರಿಕೆಯೇ ನಮ್ಮ ಮುಖ್ಯ ಕೆಲಸ.

ವಿನ್ಯಾಸದ ತಂತ್ರಾಂಶಕ್ಕೆ ಕಳೆದ ವರ್ಷ ಲೈಸೆನ್ಸ್ ಒಂದಕ್ಕೆ 32,000 ರೂಪಾಯಿಯಂತೆ ಐದಕ್ಕೆ 1,60,000 ಕಟ್ಟಿದ್ದೆ. ಈ ಸಲದ ಕೊಟೇಶನ್‌ನಲ್ಲಿ ಒಂದಕ್ಕೆ 38,400, ಒಟ್ಟು 1,92,000. ಜಿಎಸ್‌ಟಿ ಬೇರೆ. ಹೆಚ್ಚಾದ 32,000 ಎಂದರೆ ನಮ್ಮಲ್ಲಿ ಕರಡು ತಿದ್ದುವವರ ಎರಡು ತಿಂಗಳ ಸಂಬಳ. ಆಷಾಢದಲ್ಲಿ ಮದುವೆಗಳಿಲ್ಲದೆ ಮೂರು ಕಂಪ್ಯೂಟರ್‌ಗಳು ಸುಮ್ಮನೆ ಕುಳಿತಿರುತ್ತವೆ, ಅವಕ್ಕೂ ದುಡ್ಡು ಕಟ್ಟುತ್ತಿದ್ದೇನೆ. ಅಪ್ಪ ಒಮ್ಮೆ ಕೊಂಡ ಮೊಳೆ ಸವೆಯುವ ತನಕ ನಮ್ಮದಾಗಿತ್ತು.

ಹಣಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಅಕ್ಕನ ಮದುವೆಗೆ ನಮ್ಮಲ್ಲೇ ಮಾಡಿಸಿದ್ದೆವು, ತಂಗಿಗೂ ಅದೇ ಮಾದರಿ ಬೇಕು ಎಂದು ಜನ ಹಳೆಯ ಪತ್ರಿಕೆ ಹಿಡಿದು ಬರುತ್ತಾರೆ. ಚಂದಾ ನಿಲ್ಲಿಸಿದರೆ ಆ ಫೈಲುಗಳನ್ನು ತೆರೆಯುವುದು ಹೇಗೆ? ನವೀಕರಣಕ್ಕೆ ಹತ್ತೊಂಬತ್ತು ದಿನ ಉಳಿದಿದೆ. ಯಾರನ್ನೂ ಕೆಲಸದಿಂದ ತೆಗೆಯಲು ನನಗೆ ಮನಸ್ಸಿಲ್ಲ. ದಯವಿಟ್ಟು ಅನುಭವ ಇರುವವರು ಹೇಳಿ.

ಮಲ್ಲೇಶ್ವರದ ಲೆಕ್ಕಿಗ

ಮೇಡಂ, ಕೊಟೇಶನ್ ಪಕ್ಕಕ್ಕಿಟ್ಟು ಮೊದಲು ಐದೂ ಕಂಪ್ಯೂಟರ್‌ಗಳ ಮುಂದೆ ಒಂದು ದಿನ ಕುಳಿತು ನೋಡಿ. ಕರಡು ತಿದ್ದುವವರಿಗೆ ಪಿಡಿಎಫ್ ತೆರೆದರೆ ಸಾಕಲ್ಲವೇ? ಅದಕ್ಕೆ ದುಡ್ಡಿನ ಲೈಸೆನ್ಸ್ ಏಕೆ?

ಎರಡನೆಯದು, ತಿಂಗಳ ಯೋಜನೆಯ ದರವನ್ನೂ ಕೇಳಿ. ತಿಂಗಳಿಗೆ 4,800 ಎಂದರೆ ಎಂಟು ತಿಂಗಳಿಗೆ 38,400 ಆಗುತ್ತದೆ. ಎಂಟಕ್ಕಿಂತ ಕಡಿಮೆ ತಿಂಗಳು ಓಡುವ ಕಂಪ್ಯೂಟರ್‌ಗೆ ತಿಂಗಳ ಯೋಜನೆಯೇ ಅಗ್ಗ. ಆದರೆ 'ವರ್ಷದ ಒಪ್ಪಂದ, ತಿಂಗಳ ಕಂತು' ಎಂಬುದು ಬೇರೆಯೇ ಯೋಜನೆ. ಅದನ್ನು ನಡುವೆ ಬಿಟ್ಟರೆ ದಂಡ ಬೀಳಬಹುದು. ಮೈಕ್ರೋಸಾಫ್ಟ್ ಕೂಡ 2025ರ ಏಪ್ರಿಲ್‌ನಿಂದ ವ್ಯಾಪಾರಿ ಚಂದಾಗಳಲ್ಲಿ ಇಂಥ ಕಂತಿಗೆ ಶೇ 5 ಹೆಚ್ಚು ದರ ಇಟ್ಟಿದೆ. ಸಹಿ ಮಾಡುವ ಮುನ್ನ ಆ ಸಾಲನ್ನು ಎರಡು ಸಲ ಓದಿ.

ಬಿಲ್ಲಿನಲ್ಲಿ ಪ್ರೆಸ್ಸಿನ ಜಿಎಸ್‌ಟಿ ಸಂಖ್ಯೆ ಇರಲೇಬೇಕು. ಇದ್ದರೆ ಶೇ 18ರ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ, ಅಂದರೆ ನೀವು ಸರ್ಕಾರಕ್ಕೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ಹೊಂದಿಸಿಕೊಳ್ಳಬಹುದು. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿದ್ದರೆ ಆ ಅನುಕೂಲ ಇಲ್ಲ. ಎಷ್ಟೋ ಅಂಗಡಿಯವರು ಸ್ವಂತ ಹೆಸರಿನ ಖಾತೆಯಿಂದ ಕೊಂಡು ಈ ಹಣವನ್ನು ಬಿಟ್ಟುಕೊಡುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಕಾಟನ್‌ಪೇಟೆ ಡಿಟಿಪಿ

ಅಮ್ಮಾ, ಫೈಲುಗಳ ವಿಚಾರಕ್ಕೆ ನಾನು ಉತ್ತರ ಕೊಡುತ್ತೇನೆ. ಲೈಸೆನ್ಸ್ ಇರುವಾಗಲೇ, ಈ ಹತ್ತೊಂಬತ್ತು ದಿನಗಳಲ್ಲೇ, ಮತ್ತೆ ಮತ್ತೆ ಕೇಳಿಬರುವ ಮಾದರಿಗಳನ್ನು ಆರಿಸಿ ಎರಡೆರಡು ಪ್ರತಿ ಇಡಿ. ಒಂದರಲ್ಲಿ ಅಕ್ಷರಗಳನ್ನೆಲ್ಲ ಕರ್ವ್ ಮಾಡಿ (ಫಾಂಟ್ ಬೇಡದ ಚಿತ್ರರೇಖೆಗಳಾಗಿ ಬದಲಿಸಿ) ಸಿಎಂವೈಕೆ, ಅಂದರೆ ಅಚ್ಚಿನ ನಾಲ್ಕು ಬಣ್ಣಗಳ, ಪಿಡಿಎಫ್ ಮಾಡಿಡಿ. ಯಾವ ಕಂಪ್ಯೂಟರ್‌ನಿಂದಲಾದರೂ ಪ್ಲೇಟ್‌ಗೆ ಕಳಿಸಬಹುದು. ಇನ್ನೊಂದರಲ್ಲಿ ಬರೀ ಪಠ್ಯ ಇರಲಿ. 'ನುಡಿ' ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿದ್ದರೆ ಎಲ್ಲ ಕಂಪ್ಯೂಟರ್‌ಗಳೂ ಓದಬಲ್ಲ ಯೂನಿಕೋಡ್‌ಗೆ ಬದಲಿಸಿ, ಬದಲಿಸಿದ ಮೇಲೆ ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಿ. 'ಸೂರ್ಯ' ಎಂಬ ವರನ ಹೆಸರು ಕೆಟ್ಟು ಅಚ್ಚಾಗಿ, ಐನೂರು ಪತ್ರಿಕೆಗಳನ್ನು ನಾನು ನನ್ನ ಖರ್ಚಿನಲ್ಲೇ ಮತ್ತೆ ಹಾಕಿಕೊಟ್ಟಿದ್ದೇನೆ.

ಉಚಿತ ತಂತ್ರಾಂಶಗಳಲ್ಲಿ ಪುಟ ವಿನ್ಯಾಸಕ್ಕೆ ಸ್ಕ್ರೈಬಸ್ ನೋಡಿ. ಹಿಂದಿನ 1.4ರಲ್ಲಿ ಕನ್ನಡದ ಒತ್ತಕ್ಷರಗಳು ಒಡೆಯುತ್ತಿದ್ದವು. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಸರಿಯಾಗಿ ಕೂರುತ್ತವೆ, ಸಿಎಂವೈಕೆ ಪಿಡಿಎಫ್ ಕೂಡ ಹೊರಡುತ್ತದೆ. ಬಿಲ್ ಬುಕ್ಕು, ಕರಪತ್ರಗಳನ್ನು ಅದರಲ್ಲೇ ಮಾಡುತ್ತಿದ್ದೇನೆ. ಬಳ್ಳಿ, ಗಣಪತಿಯಂಥ ಚಿತ್ರಗಳಿಗೆ ಇಂಕ್‌ಸ್ಕೇಪ್ ಇದೆ, ಆದರೆ ಅದು ಆರ್‌ಜಿಬಿ, ಅಂದರೆ ಪರದೆಯ ಕೆಂಪು-ಹಸಿರು-ನೀಲಿ, ಬಣ್ಣದಲ್ಲಿ ಕೆಲಸ ಮಾಡುತ್ತದೆ. ಕುಂಕುಮದ ಕೆಂಪನ್ನು ಅದರ ಪರದೆ ನೋಡಿ ನಂಬಬೇಡಿ. ಎಲ್ಲವನ್ನೂ ಒಂದೇ ಸಲ ಬದಲಿಸುವುದು ಬೇಡ. ಹುಡುಗರಿಗೆ ಕೈ ಕೂರಲು ನನ್ನಲ್ಲಿ ಮೂರು ತಿಂಗಳು ಹಿಡಿಯಿತು.

ಪೀಣ್ಯ ಲೇತ್

ನಕ್ಷೆ ಬರೆಯುವ ಆಟೋಕ್ಯಾಡ್ ತಂತ್ರಾಂಶದ ಕಂಪನಿ ಆಟೋಡೆಸ್ಕ್ 2016ರಲ್ಲಿ ಹೊಸ ಶಾಶ್ವತ (ಒಮ್ಮೆ ಕೊಂಡರೆ ಸಾಕಾಗುವ) ಲೈಸೆನ್ಸ್‌ಗಳ ಮಾರಾಟ ನಿಲ್ಲಿಸಿದಾಗ ನಮಗೂ ಇದೇ ಚಿಂತೆ ಬಂದಿತ್ತು. ಒಂದು ಮಾತು ಸೇರಿಸುತ್ತೇನೆ. ಖಾತೆ ಯಾರ ಇಮೇಲ್‌ನಲ್ಲಿದೆ, ನೋಡಿಕೊಳ್ಳಿ. ನಮ್ಮಲ್ಲಿ ಕೆಲಸ ಬಿಟ್ಟುಹೋದ ಹುಡುಗನ ಇಮೇಲ್‌ಗೆ ನವೀಕರಣದ ಪತ್ರಗಳು ಹೋಗುತ್ತಿದ್ದವು. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ಮುನ್ನ 24 ಗಂಟೆ ಮೊದಲೇ ಬ್ಯಾಂಕು ಸಂದೇಶ ಕಳಿಸಬೇಕು, 15,000 ದಾಟಿದರೆ ಒಟಿಪಿಯೂ ಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಮೊಬೈಲ್ ಸಂಖ್ಯೆ ನಿಮ್ಮದೇ ಆಗಿರಲಿ.

ಚಾಮರಾಜಪೇಟೆ ಪ್ರೆಸ್

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಇಡೀ ದಿನ ಕುಳಿತು ನೋಡಿದೆ. ಕರಡಿನ ಕಂಪ್ಯೂಟರ್‌ನಲ್ಲಿ ಆ ತಂತ್ರಾಂಶವನ್ನು ಯಾರೂ ಮುಟ್ಟಲೇ ಇಲ್ಲ. ತಿಂಗಳ ಯೋಜನೆಗೆ ಡೀಲರ್ ಹೇಳಿದ ದರವೂ 4,800. ಎರಡು ಲೈಸೆನ್ಸ್‌ಗಳನ್ನು ವರ್ಷಕ್ಕೆ, ಇನ್ನೆರಡನ್ನು ಮದುವೆಗಳ ಐದು ತಿಂಗಳಿಗೆ ಮಾತ್ರ ತೆಗೆದುಕೊಂಡರೆ 76,800 ಮತ್ತು 48,000, ಒಟ್ಟು 1,24,800 ಆಗುತ್ತದೆ. ಕಳೆದ ವರ್ಷ ಕಟ್ಟಿದ್ದಕ್ಕಿಂತಲೂ 35,200 ಕಡಿಮೆ.

ಕಾಟನ್‌ಪೇಟೆ ಸರ್, ನೀವು ಹೇಳಿದಂತೆ ಫೈಲುಗಳ ಕೆಲಸ ಇಂದು ಬೆಳಿಗ್ಗೆ ಶುರುವಾಗಿದೆ. ಅರ್ಕಾವತ್ತು ನೋಡುವ ಹೊಣೆಯನ್ನು ಕರಡು ತಿದ್ದುವವರಿಗೇ ವಹಿಸಿದ್ದೇನೆ. ಇದುವರೆಗೆ ಅರವತ್ತೆರಡು ಮಾದರಿಗಳು ಮುಗಿದಿವೆ. ನಾಲ್ಕರಲ್ಲಿ ಅವರು ತಪ್ಪು ಹಿಡಿದರು.