ಪದಚರ್ಚೆ: ರಕ್ತಪರೀಕ್ಷೆಯ ಫಲಕದಲ್ಲಿ ‘ಮಾರಕ ಕೋಶ’ ಸರಿಯೇ?

ಕಾರವಾರದಿಂದ:
ರಕ್ತ ಸಂಗ್ರಹ ಕೇಂದ್ರವೊಂದರ ಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ನ್ಯಾಚುರಲ್ ಕಿಲ್ಲರ್ (ಎನ್‌ಕೆ) ಕೋಶಗಳ, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳ, ಎಣಿಕೆಗೆ ‘ನೈಸರ್ಗಿಕ ಮಾರಕ ಕೋಶ ಪರೀಕ್ಷೆ’ ಎಂದು ಬರೆದಿದ್ದೆ. ಕರಡು ಓದಿದ ಅಂಕೋಲಾದ ಹಿರಿಯರೊಬ್ಬರು ‘ಮಾರಕ’ದ ಮೇಲೆ ಬೆರಳಿಟ್ಟು, “ನನಗೆ ಕ್ಯಾನ್ಸರ್ ಇದೆಯೇ?” ಎಂದು ಕೇಳಿದರು. ಬೇರೆ ಪದ ಬೇಕು.

ಶಿರಸಿಯಿಂದ:
‘ಮಾರಕ’ ಬೇಡವೇ ಬೇಡ. ಮಾರಕ ಕಾಯಿಲೆ ಎಂದು ಓದಿ ಪಳಗಿದ ಕಣ್ಣಿಗೆ ಅದು ರೋಗಿಯನ್ನೇ ಕೊಲ್ಲುವಂತೆ ಕಾಣುತ್ತದೆ. ‘ಹಂತಕ’ ಪೊಲೀಸ್ ಸುದ್ದಿಯ ಪದ. ‘ನೈಸರ್ಗಿಕ’ವೂ ತಪ್ಪು. ಮೊದಲೇ ಪರಿಚಯವಿಲ್ಲದೆಯೂ ಸೋಂಕು ತಗಲಿದ ಕೋಶವನ್ನು, ಗಡ್ಡೆಯ ಕೋಶವನ್ನು ಕೊಲ್ಲುತ್ತವೆ ಎಂದೇ 1975ರಲ್ಲಿ ಇವಕ್ಕೆ ‘ನ್ಯಾಚುರಲ್’ ಎಂಬ ಹೆಸರು ಬಿತ್ತು. ಹುಟ್ಟುಗುಣ ಎಂಬ ಅರ್ಥ, ನಿಸರ್ಗ ಅಲ್ಲ. ಕನ್ನಡದ ‘ಕಾ’ ಧಾತುವನ್ನು ನೋಡಿ: ಕಾಯು, ಕಾಪು, ಕಾವಲು. ಅಡಕೆ ತೋಟಕ್ಕೆ ಮಂಗ ನುಗ್ಗಿದಾಗ ತೋಟ ಕಾಯುವವನು ಯಾರ ಅಪ್ಪಣೆಗೂ ಕಾಯುವುದಿಲ್ಲ. ‘ಹುಟ್ಟುಗಾವಲು ಕಣ’ ಎಂದು ಬರೆಯಿರಿ. ಬಿಳಿ ರಕ್ತಕಣ ಎಲ್ಲರಿಗೂ ಗೊತ್ತು, ಕೋಶ ಏಕೆ?

ಕುಮಟಾದಿಂದ:
‘ಕಣ’ ಒಪ್ಪಿದೆ, ‘ಕಾವಲು’ ಒಪ್ಪುವುದಿಲ್ಲ. ಬಿಳಿ ರಕ್ತಕಣಗಳೆಲ್ಲವೂ ಕಾವಲಿನವೇ. ಕೊಲ್ಲುವುದು ಇವುಗಳ ಕಸುಬು, ಅದನ್ನು ಮುಚ್ಚಿಟ್ಟರೆ ಅನುವಾದವಾಗುವುದಿಲ್ಲ. ಮೈಮೇಲೆ ಸಿಡಿ56 ಎಂಬ ಪ್ರೋಟೀನಿನ ಗುರುತು ಇದ್ದು ಸಿಡಿ3 ಎಂಬುದು ಇಲ್ಲದ ಕಣಗಳನ್ನು ಫ್ಲೋ ಸೈಟೋಮೀಟರ್ ಎಂಬ ಯಂತ್ರ ಎಣಿಸುತ್ತದೆ. ಕೆ562 ಎಂಬ ರಕ್ತ ಕ್ಯಾನ್ಸರಿನ ಕೋಶಗಳ ನಡುವೆ ಇವನ್ನು ಬಿಟ್ಟು, ಎಷ್ಟನ್ನು ಕೊಂದವು ಎಂದು ಅಳೆಯುವುದು ಬೇರೆಯೇ ಪರೀಕ್ಷೆ. ಅದನ್ನು ‘ಕಾವಲು ಸಾಮರ್ಥ್ಯ’ ಎಂದರೆ ಏನು ಅಳೆದಂತಾಯಿತು? ‘ಎನ್‌ಕೆ ಕಣ’ ಸಾಕು, ವೈದ್ಯರ ಚೀಟಿಯಲ್ಲಿಯೂ ಎನ್‌ಕೆ ಎಂದೇ ಇರುತ್ತದೆ. ಪಗಾರ, ಚಾವಿ, ಬಟಾಟೆ ಪೋರ್ಚುಗೀಸರಿಂದ ಬಂದು ನಮ್ಮ ಕರಾವಳಿಯ ಮನೆಮಾತಾದವು. ಈ ಎರಡಕ್ಷರ ಭಾರವೇ?

ಶಿರಸಿಯಿಂದ:
ಬಟಾಟೆ ನಮ್ಮಲ್ಲಿ ಇರಲಿಲ್ಲ, ಹೆಸರನ್ನು ಹೊತ್ತೇ ಬಂತು. ಚಾವಿ ಬಂದು ಬೀಗದಕೈಯನ್ನು ಮೂಲೆಗೆ ತಳ್ಳಿತು. ಈ ಕಣ ನಮ್ಮ ರಕ್ತದಲ್ಲಿಯೇ ಇದೆ, ಅದಕ್ಕೂ ಎರವಲು ಹೆಸರೇ?

ಕುಮಟಾದಿಂದ:
‘ರಕ್ತ’ ಯಾವ ಭಾಷೆಯದು? ‘ನೆತ್ತರು’ ಎಂದು ಬರೆದು ಆಮೇಲೆ ವಾದಿಸಿ.

ಕಾರವಾರದಿಂದ:
ಅಚ್ಚಿಗೆ ಕೊಟ್ಟಿದ್ದೇನೆ. ಮೇಲಿನ ಸಾಲು ‘ಎನ್‌ಕೆ ಕಣಗಳ ಎಣಿಕೆ’. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸೋಂಕು ತಗಲಿದ ಕೋಶಗಳನ್ನು ಕೊಂದು ದೇಹವನ್ನು ಕಾಯುವ ಬಿಳಿ ರಕ್ತಕಣಗಳು’. ಅಂಕೋಲಾದ ಹಿರಿಯರಿಗೆ ಮತ್ತೆ ತೋರಿಸಿದೆ. ಎರಡು ಸಲ ಓದಿ, “ಎಷ್ಟಿದ್ದರೆ ಒಳ್ಳೆಯದು?” ಎಂದು ಕೇಳಿದರು.